ಪಿನ್‌ಕೋಡಿಗೆ ಜಾಗಾ ಇಲ್ಲದ ಮಷಿನ್ನು

ನನಗೊಂದು ವಿಚಿತ್ರ ಅಂಜಿಕಿ ಅದ, ನಿಮ್ಮ ಮುಂದ ಹೇಳಾಕ ಏನು ನಾಚಿಕಿ. ಬೈದು ಬರದ ಕಾಗದಕ್ಕ ನಾ ಅಂಜೂದಿಲ್ಲ. ಬೈದಾಂವ ಇನ್ನೂ ನಮ್ಮ ಜೋಡಿ ಸಂಬಂಧ ಇಟ್ಕೊಂಡಾನ ಅಂತ ಅರ್ಥ. ನಾಕು ದಿನ ಬಿಟ್ಟು ತಾನ ಬಂದು ಚಹಾ ಕುಡದು ಹೋಗ್ತಾನ. ನಾ ಅಂಜೂದು ಮರ್ಯಾದಿಲೆ ಬರದ ಕಾಗದಕ್ಕ. 'ತಿಳಿಸಾಕ ಭಾಳ ವಿಷಾದ ಅನಸ್ತದ' ಅಂತ ಸುರು ಆಗಿ 'ನಿಮ್ಮ ಸಹಕಾರಕ್ಕ ಆಭಾರಿ' ಅಂತ ಮುಗಿಯೋ ಕಾಗದ ಅದಾವಲ್ಲ, ಅವಕ್ಕ. ಅಂಥಾದೊಂದು ಬಂದ್ರ ಕನ್ನಡಕ ಸಿಗವಲ್ದು ಅಂತ ಸುಳ್ಳ ಹೇಳಿ ಒಂದು ದಿನ ಹಂಗ ಇಡ್ತೀನಿ. ಮೊನ್ನೆ ಟೀವಿ ಕಂಪನಿಯವ್ರು ಕಳಿಸಿದ್ರು: ನಮ್ಮ ಟೀವಿಗೆ ಇನ್ನ ಮುಂದ ಬಿಡಿ ಸಾಮಾನು ಸಿಗೂದಿಲ್ಲಂತ, ಹೊಸಾದು ತಗೋಬೇಕಂತ. ಟೀವಿ ಪಾಪ ಮೂಲ್ಯಾಗ ನೆಟ್ಟಗ ಹಾಡಾಕತ್ತಿತ್ತು. ಅದನ್ನ ನೋಡಿ ನನಗ ಐವತ್ತು ವರ್ಷದ ಹಿಂದಿನ ಇನ್ನೊಂದು ಮಷಿನ್ನು ನೆನಪಾತು.

ಆಗ ನಾ ಸೊಲ್ಲಾಪುರದ ನವೀ ಪೇಠದಾಗ ರೇವಣಪ್ಪ ಶೇಟಜಿ ಅವ್ರ ವ್ಯಾಪಾರದ ಪೇಢಿಯೊಳಗ ಕೆಲಸಕ್ಕಿದ್ದೆ. ಚಾದರಿನ ಸಗಟು ವ್ಯಾಪಾರ. ವಿಜಾಪುರ, ಕಲಬುರ್ಗಿ, ಲಾತೂರ, ಬೀದರ, ಎಲ್ಲಾ ಕಡಿ ಗಿರಾಕಿ. ಶೇಟಜಿ ಅವ್ರದು ಒಂದು ಸ್ವಭಾವ ಇತ್ತು: ಎದುರಿನ ಪೇಢಿಯವ್ರು ಒಂದು ತಂದ್ರ ಇವ್ರು ಅದರಪ್ಪನಂಥಾದ್ದು ತರಬೇಕು. ಅವ್ರು ಟೈಪ್‌ರೈಟರ್ ತಂದ್ರು. ಇವ್ರು ಮುಂಬೈದ ಒಂದು ಗಿರಣಿಯವ್ರು ಮಾರಾಕ ಇಟ್ಟಿದ್ದ ಹಳೇ ಕಾರ್ಡಿನ ಮಷಿನ್ ತಂದ್ರು. ಎರಡು ಕಪಾಟು ಕೂಡಿಸಿ ಇಟ್ಟಷ್ಟು ದೊಡ್ಡದು. ಒಳಗ ತರಾಕ ಬಾಗಲ ಚೌಕಟ್ಟು ಕೀಳಬೇಕಾತು. ಪೇಠದ ಮಂದಿ ಎರಡು ದಿನ ಬಂದು ಬಂದು ನೋಡಿ ಹೋದ್ರು, ಕೆಲವ್ರು ಕೈ ಮುಗದ್ರು. ಕರಜಗಿಯಿಂದ ಬಂದ ಮ್ಯಾಟ್ರಿಕ್ ಪಾಸಿನ ನನ್ನನ್ನ ಮೂರು ವಾರ ಪುಣೆಕ್ಕ ಕಳಿಸಿ ಅದನ್ನ ನಡಸೂದು ಕಲಸಿದ್ರು. ವಾಪಸ್ ಬಂದ ಮ್ಯಾಲ ನಾ ಚಾದರ ಮಡಚೂದು ಬಿಟ್ಟೆ. ಇಸ್ತ್ರಿ ಅಂಗಿ ಹಾಕಾಕ ಸುರು ಮಾಡಿದೆ, ಮಾತಿನ ನಡುವ ಸುಮ್ಮ ಸುಮ್ಮನ ಒಂದೆರಡು ಇಂಗ್ಲಿಷ್ ಶಬ್ದ ಒಗಿಯಾಕತ್ತಿದೆ. ಈಗ ನೆನಸಿಕೊಂಡ್ರ ನನ್ನ ಕಪಾಳಕ್ಕ ನಾನ ಹೊಡಕೋಬೇಕು ಅನಸ್ತದ.

ಮಷಿನ್ನಿನ ಕೆಲಸ ಹೇಳಬೇಕಂದ್ರ ಸರಳ. ಒಬ್ಬ ಗಿರಾಕಿಗೆ ಒಂದು ದಪ್ಪ ಕಾಗದದ ಕಾರ್ಡು. ಕಾರ್ಡಿನಾಗ ಎಂಬತ್ತು ಮನಿ, ಒಂದು ಮನಿಗೆ ಒಂದು ಅಕ್ಷರ. ಆ ಮನಿಯೊಳಗ ನಾ ತೂತು ಹೊಡೀಬೇಕು. ದೊಡ್ಡ ಮಷಿನ್ನು ತೂತು ಓದಿ ಗಿರಾಕಿ ಹೆಸರು, ಅಂಗಡಿ, ಗಲ್ಲಿ, ಊರು ಎಲ್ಲಾ ಇಂಗ್ಲಿಷ್ ದೊಡ್ಡ ಅಕ್ಷರದಾಗ ಒಂದು ಚೀಟಿ ಮ್ಯಾಲ ಒತ್ತತಿತ್ತು. ಪ್ರತಿವರ್ಷ ದೀಪಾವಳಿ ಮುಂದ ಹೊಸಾ ನಮೂನಿ ಚಾದರಿನ ಸುದ್ದಿ ಹೊತ್ತು ಸಾವಿರದ ಮ್ಯಾಲ ಗಿರಾಕಿಗೆ ಪೋಸ್ಟ್‌ಕಾರ್ಡು ಹೋಗ್ತಿದ್ವು. ಅವಕ್ಕ ಈ ಚೀಟಿ ಅಂಟಸೂದು. ಯಾವ ತೂತಿನ ಅಕ್ಷರ ಚೀಟಿ ಮ್ಯಾಲ ಎಲ್ಲಿ ಬೀಳಬೇಕು ಅನ್ನೂದನ್ನ ಹೇಳಾಕ ಮಷಿನ್ನಿನ ಹೊಟ್ಟ್ಯಾಗ ಒಂದು ಫಳಿ, ಹಲಗಿಯಂಥಾದ್ದು, ಇತ್ತು. ಫಳಿ ತುಂಬ ಸಣ್ಣ ಸಣ್ಣ ಕುಣಿ, ಕುಣಿಯಿಂದ ಕುಣಿಗೆ ಕೆಂಪು, ಹಳದಿ, ನೀಲಿ ವಾಯರು. ಈಗಿನವ್ರು ಇಂಥಾದಕ್ಕ ಸಾಫ್ಟ್‌ವೇರ್ ಅಂತಾರ. ನಮ್ಮದನ್ನ ಎತ್ತಾಕ ಎರಡೂ ಕೈ ಬೇಕಾಗ್ತಿದ್ವು. ಅದಕ್ಕೊಂದು ಕೀಲಿ, ಕೀಲಿಕೈ ಕಂಪನಿ ಕಡಿ. ನಾ ಮುಟ್ಟಾಂಗಿಲ್ಲ.

ಕಂಪನಿ ಅಂದ್ರ ನಮಗ ಜೋಶಿ ಸಾಹೇಬ್ರು. ಮೂರು ತಿಂಗಳಿಗೊಮ್ಮೆ ಮುಂಬೈದಿಂದ ಬಂದು, ಮಷಿನ್ನಿಗೆ ಎಣ್ಣಿ ಹಾಕಿ, ಫಳಿ ತಗದು ಒಂದೊಂದ ವಾಯರು ಮುಟ್ಟಿ ನೋಡಿ ಹೋಗ್ತಿದ್ರು. ಬರೂದು ಬುಧವಾರನ. ಯಾಕಂದ್ರ ಮರುದಿನ ಗುರುವಾರ, ಹತ್ರದ ಅಕ್ಕಲಕೋಟಕ್ಕ ಹೋಗಿ ಸ್ವಾಮಿಗಳ ಸಮಾಧಿ ದರ್ಶನ ಮಾಡಬೇಕಲ್ಲ. ಮಷಿನ್ನು ಶುಕ್ರವಾರ ಕೆಟ್ರ ಬುಧವಾರದ ತನಕ ತಡಕೋಬೇಕು, ಅಷ್ಟ. ದರ್ಶನಕ್ಕ ಅವರ ಜೋಡಿ ನಾ. ಆಮ್ಯಾಲ ಎಸ್.ಟಿ. ಬಸ್ಸು ಬರೂತನಕ ಅಲ್ಲಿನ ಗುರುಪಾದಪ್ಪನವ್ರ ಅರಿವಿ ಅಂಗಡ್ಯಾಗ ಕೂಡೂದು. ಅವ್ರು ನಮ್ಮ ಪೇಢಿ ಗಿರಾಕಿ. ಸಾಹೇಬ್ರ ಬಾಜೂಕ ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತದ್ದು ನೋಡಿ ಗುರುಪಾದಪ್ಪನವ್ರು ನನ್ನನ್ನೂ ಅರ್ಧ ಸಾಹೇಬ ಅಂತ ತಿಳಕೊಂಡ್ರು. ಹಿಂಗ ನಾಕೈದು ಗುರುವಾರ ಕಳದ ಮ್ಯಾಲ ಕರಜಗ್ಯಾಗಿನ ನಮ್ಮ ಕಾಕಾಗ ಅವರ ನಿರೋಪ ಬಂತು: ನಮ್ಮ ಮಗಳು ಮಹಾನಂದಾಗ ನಿಮ್ಮ ಹುಡುಗನ್ನ ಕೇಳಬೇಕಂತ ಮಾಡೀವಿ. ಅಪ್ಪ ಇಲ್ಲದ ನನಗ ಕಾಕಾನ ಹಿರ್ಯಾ. ಕಾಕಾ ಖುಷಿಯಾದ. ನಾ ಆಕೀನ್ನ ಅಂಗಡಿ ಹಿಂದಿನ ಬಾಗಲದಾಗ ಒಮ್ಮೆ ನೋಡಿದ್ದೆ, ಒಂದ ಸಲ. ಆಗಿನಿಂದ ನನ್ನ ಕಾರ್ಡಿನಾಗ ತಪ್ಪು ತೂತು ಹೆಚ್ಚಾಗಾಕತ್ತಿದ್ವು.

ಅಷ್ಟರಾಗ ಟಪಾಲು ಖಾತೆಯವ್ರು ದೇಶದ ಊರೂರಿಗೂ ಆರು ಅಂಕಿಯ ಪಿನ್‌ಕೋಡ್ ಕೊಟ್ರು. ವಿಳಾಸದ ಜೋಡಿ ಈ ನಂಬರ್ ಬರೀರಿ ಅಂತ ಪೋಸ್ಟಿನಾಗ ಬೋರ್ಡು ಹಚ್ಚಿದ್ರು. ಮಂದಿ ಓದಿ ಮುಂದ ಹೋದ್ರು. ಶೇಟಜಿ ಹಂಗ ಹೋಗೂವರಲ್ಲ. ಸರಕಾರದ ಅಚ್ಚಿನ ಕಾಗದ ಅಂದ್ರ ಅವರಿಗೆ ದೇವರ ಅಪ್ಪಣಿ.

"ಚಂದ್ರಾಮ, ಈ ಸಲ ದೀಪಾವಳಿ ಕಾರ್ಡಿನ ಮ್ಯಾಲ ಎಲ್ಲಾ ಗಿರಾಕಿ ಪಿನ್ ನಂಬರ್ ಬರಬೇಕು. ಎದುರಿನವ್ರ ಕಾರ್ಡಿನಾಗ ಬರೂಕಿಂತ ಮೊದಲ ಬರಬೇಕು" ಅಂದ್ರು.

"ಅದಕ್ಕೇನ್ರಿ ಶೇಟಜಿ, ಚುಟಕಿ ಹೊಡಿಯೂದ್ರಾಗ ಆಗ್ತದ" ಅಂದೆ.

ಅಂದು ಬಿಟ್ಟ ಮ್ಯಾಲ ಕಾರ್ಡು ಎದುರು ಇಟ್ಕೊಂಡು ಎಣಿಸಿದೆ. ಎಂಬತ್ತು ಮನಿಯೂ ತುಂಬಿದ್ವು. ಮೊದಲ ಏಳು ಮನಿ ಶ್ರೀಕಾರಕ್ಕ ಹೋಗಿದ್ವು: ಮಷಿನ್ನು ಬಾಯಿ ತಗದ ಕೂಡ್ಲೆ ಶ್ರೀ ಅನ್ನಬೇಕು ಅಂತ ಶೇಟಜಿ ಮೊದಲ ದಿನಾನ ಹೇಳಿದ್ರು. ಇಂಗ್ಲಿಷಿನಾಗ ಶ್ರೀಗೆ ನಾಕು ಅಕ್ಷರ. ಅದರ ಹಿಂದ ಮೂರು ಖಾಲಿ ಮನಿ, ಯಾಕಂದ್ರ ದೇವರಿಗೂ ಗಿರಾಕಿಗೂ ನಡುವ ಮೂರು ಬಟ್ಟಿನ ಅಂತರ ಬೇಕು. ಮುಂದ ಹೆಸರು, ಅಂಗಡಿ, ಗಲ್ಲಿ, ಊರು, ಜಿಲ್ಲಾ. ಒಂದು ಅಂಕಿಗೂ ಜಾಗಾ ಇಲ್ಲ. ಒಬ್ಬ ಗಿರಾಕಿಗೆ ಎರಡು ಕಾರ್ಡು ಮಾಡಬೇಕಂದ್ರ ಫಳಿಯೊಳಗಿನ ವಾಯರು ಬದಲಿ ಆಗಬೇಕು; ಅದು ಕಂಪನಿ ಕೆಲಸ.

ಕಂಪನಿಗೆ ಬರದೆ. ಹದಿನೈದು ದಿನಕ್ಕ ಉತ್ತರ ಬಂತು. ತಿಳಿಸಾಕ ಭಾಳ ವಿಷಾದ ಅನಸ್ತದ, ಈ ನಮೂನಿ ಮಷಿನ್ನಿಗೆ ನಮ್ಮ ದುರಸ್ತಿ ಸೇವಾ ನಿಲ್ಲಿಸೀವಿ, ಫಳಿಯೊಳಗ ಇನ್ನ ಯಾವ ಬದಲಾವಣಿನೂ ಮಾಡಿಕೊಡೂದಿಲ್ಲ, ತಾವು ಹೊಸಾ ನಮೂನಿ ತಗೋಬೇಕು, ಸಹಕಾರಕ್ಕ ಆಭಾರಿ. ನಾ ಮತ್ತ ಬರದೆ: ಮಷಿನ್ನು ಗಟ್ಟಿ ಅದ್ರಿ, ಆರು ಅಂಕಿ ಕೂಡಿಸಿಕೊಟ್ರ ಸಾಕು. ಅದ ಕಾಗದ ಮತ್ತ ಬಂತು. ಮೂರನೇದಕ್ಕ ಶೇಟಜಿ ಸಹಿ, ಪೇಢಿ ಶಿಕ್ಕಾ ಎಲ್ಲಾ ಹಾಕಿ ಕಳಿಸಿದೆ. ಅದ ಕಾಗದ, ತಾರೀಖು ಒಂದ ಬ್ಯಾರೆ. ಅಲ್ಲಿ ಓದೂ ಮನಷ್ಯಾನ ಇಲ್ಲ, ನಮ್ಮಂಥಾದ ಒಂದು ಮಷಿನ್ನು ಕುಂತು ನನಗ ಉತ್ತರ ಬರಿಯಾಕತ್ತದ ಅನ್ನೂ ಸಂಶಯ ನನಗ ಆಗ ಬಂತು.

ಸಿಟ್ಟು ಹೆಂಗ ಬಂತಂದ್ರ ಎರಡು ದಿನ ಊಟಾ ಸೇರಲಿಲ್ಲ. ಮಷಿನ್ನು ಕೆಟ್ಟಿದ್ರ ಸುಮ್ಮನಿರ್ತಿದ್ದೆ. ಕೆಟ್ಟಿದ್ದಿಲ್ಲ. ಮುಂಜಾನೆ ಗುಂಡಿ ಒತ್ತಿದ್ರ ಗಡಗಡ ಅಂತ ಸುರು ಆಗಿ ಸಂಜೀತನಕ ಒಂದ ತಪ್ಪಿಲ್ಲದ ಒತ್ತತಿತ್ತು. ನಡಿಯೂ ಮಷಿನ್ನನ್ನ ಮುಂಬೈದಾಗ ಫ್ಯಾನಿನ ಕೆಳಗ ಕುಂತು ಸತ್ತದ ಅನ್ನಾಕ ಇವ್ರು ಯಾರು? ನಮ್ಮ ಸೊಲ್ಲಾಪುರದ ಮಗ್ಗ ನೋಡ್ರಿ. ಚಾದರಿನ ಹೂವು, ನವಿಲು ಎಲ್ಲಾ ಮಗ್ಗದ ನೆತ್ತಿ ಮ್ಯಾಲ ಜೋತು ಬಿಟ್ಟ ತೂತಿನ ಕಾರ್ಡಿನಿಂದನ ಹುಟ್ಟೂದು. ಅದೂ ಪರದೇಶದಾಂವ ಯಾರೋ ಕಂಡು ಹಿಡದ ವಿದ್ಯಾನ. ಆದ್ರ ಕಾರ್ಡು ಹರದ್ರ ನಮ್ಮ ನೇಕಾರ ಯಾರಿಗೂ ಕಾಗದ ಬರಿಯೂದಿಲ್ಲ. ಹುಣಸಿ ಬೀಜದ ಅಂಟು ಹಚ್ಚಿ, ದಾರ ಹಾಕಿ ಹೊಲದು ಮತ್ತ ಜೋತು ಬಿಡ್ತಾನ. ಅಜ್ಜನ ಕಾಲದ ನವಿಲು ಮೊಮ್ಮಗನ ಕಾಲಕ್ಕೂ ಕುಣೀತದ. ಅವನ ಕಾರ್ಡಿಗೆ ಕೀಲಿ ಇಲ್ಲ, ನನ್ನ ಫಳಿಗೆ ಕೀಲಿ ಅದ. ಫರಕ್ ಇಷ್ಟ.

ಕೀಲಿ ಒಡೀಬಹುದಿತ್ತಲ್ಲ ಅಂತ ನೀವು ಅಂತೀರಿ. ನನಗ ಧೈರ್ಯ ಇದ್ದಿಲ್ಲ. ಪುಣೆದಾಗ ಮೂರು ವಾರ ಕಲಸಿದ್ದು ಕಾರ್ಡು ಹಾಕೂದು, ತಗಿಯೂದು. ಒಳಗಿನ ವಾಯರು ಒಂದು ಅಲ್ಲಿಂದ ಇಲ್ಲಿ ಆದ್ರ ಲಾತೂರಿನಾಂವ ಬೀದರಕ್ಕ ಹೋಗ್ತಿದ್ದ. ಪಿನ್ ನಂಬರ್ ಕೈಲೆ ಬರದ್ರ ಹೆಂಗ ಅಂತ ಶೇಟಜಿ ಮುಂದ ಸಣ್ಣ ದನಿಲೆ ಅಂದು ನೋಡಿದೆ.

"ಕೈಲೆ ಬರಿಯೂದಾದ್ರ ಮಷಿನ್ ಯಾಕ, ನೀ ಯಾಕ?" ಅಂದ್ರು ಶೇಟಜಿ. "ದೀಪಾವಳಿ ಕಾರ್ಡಿನಾಗ ನಂಬರ್ ಬರಲಿಲ್ಲಂದ್ರ ಇದನ್ನ ಭಂಗಾರಕ್ಕ, ಗುಜರಿಗೆ ಹಾಕ್ತೀನಿ. ನೀ ಗೋದಾಮಿಗೆ ಹೋಗಿ ಮೊದಲಿನಂಗ ಚಾದರ ಮಡಚು."

ಚಾದರ ಮಡಚೂದು ಹಲಕಾ ಕೆಲಸ ಅಂತಲ್ಲ. ಆದ್ರ ಗುರುಪಾದಪ್ಪನವ್ರು ಮಗಳನ್ನ ಕೊಡಾಕ ನಿಂತದ್ದು ಚಾದರ ಮಡಚಾಂವಗಲ್ಲ, ಮಷಿನ್ ನಡಸಾಂವಗ. ಮಾತುಕತಿ ಮುಗಸಾಕ ಮುಂದಿನ ಗುರುವಾರನ ನಿಕ್ಕಿ ಆಗಿತ್ತು. ನನಗ ಮಹಾನಂದಾ ಬೇಕಾಗಿದ್ಲು, ಮಷಿನ್ ಇಲ್ಲದ ಆಕಿ ಸಿಗೂದಿಲ್ಲ. ನನ್ನ ತಲಿಯಾಗ ಎರಡೂ ಒಂದ ವಾಯರಿಗೆ ಕಟ್ಟಿದಂಗ ಆಗಿತ್ತು.

ಆ ವಾರ ಬುಧವಾರ ಜೋಶಿ ಸಾಹೇಬ್ರು ಬಂದ್ರು. ಕಂಪನಿ ಕಳಿಸಿದ್ದಲ್ಲ; ಸ್ವಾಮಿಗಳ ದರ್ಶನ ತಪ್ಪಬಾರದಂತ ರಜಾ ಹಾಕಿ, ತಮ್ಮ ಖರ್ಚಿಲೆ ಬಂದಿದ್ರು. ಸಂಜೀಕ ಪೇಢಿಗೆ ಬಂದು ಮಷಿನ್ನಿನ ಮುಂದ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ನಿಂತ್ರು. ಮೊದಲೆಲ್ಲಾ ಬಂದ ಕೂಡ್ಲೆ ಅದರ ಬೆನ್ನು ತಟ್ಟೂವ್ರು, ಆವತ್ತ ಬಟ್ಟು ಸುದ್ದಾ ತಾಕಸಲಿಲ್ಲ. ಅವ್ರು ಮರಾಠಿಯೊಳಗ ಹೇಳಿದ್ದನ್ನ ನಮ್ಮ ಮಾತಿನಾಗ ಹೇಳ್ತೀನಿ.

"ಚಂದ್ರಾಮ, ಕೀಲಿಕೈ ಇನ್ನೂ ನನ್ನ ಕಿಸೆದಾಗನ ಅದ. ಆದ್ರ ಕೈ ಬಿಟ್ಟ ಮಷಿನ್ ಯಾರರೆ ಖಾಸಗಿಯಾಗಿ ಮುಟ್ಟಿದ್ರ ನೌಕರಿ ತಗೀತೀವಿ ಅಂತ ಕಂಪನಿ ಬರದು ಕೊಟ್ಟದ. ನನಗೂ ಮೂರು ಮಕ್ಕಳವ."

ನಾ ಬೈಯಾಕ ತಯಾರಾಗಿ ನಿಂತಿದ್ದೆ. ಅವರ ಮಾರಿ ನೋಡಿ ಬೈಗಳ ಎಲ್ಲಾ ನುಂಗಿದೆ. ಹದಿನೆಂಟು ವರ್ಷ ಇಂಥಾ ಮಷಿನ್ನಿಗೆ ಎಣ್ಣಿ ಹಾಕಿದವ್ರು, ಪಾಪ, ಅದು ನಡಿಯೂ ಸಪ್ಪಳ ಕೇಳಕೋತ ನಿಂತು, ಆಮ್ಯಾಲ ಚಹಾನೂ ಕುಡೀದ ಹೋದ್ರು. ಕಂಪನಿ ನನ್ನೊಬ್ಬನ ಕೈ ಬಿಟ್ಟದ ಅಂತ ನಾ ತಿಳದಿದ್ದೆ, ಅವ್ರದೂ ಬಿಟ್ಟಿತ್ತು.

ಮರುದಿನ ಕಾಕಾ ಕರಜಗಿಯಿಂದ ಬಂದ, ನಾ ಸೊಲ್ಲಾಪುರದಿಂದ ಹೋದೆ. ಗುರುಪಾದಪ್ಪನವ್ರ ಮನ್ಯಾಗ ಜಮಖಾನಿ ಹಾಸಿ ಕೂಡಿಸಿದ್ರು. ಕುಶಲದ ಮಾತು, ಮಳಿ ಬೆಳಿ ಮಾತು ಆದ್ವು. ಆಮ್ಯಾಲ ಅವ್ರು ಗೋಡಿ ಮ್ಯಾಲಿನ ತಂತಿಗೆ ಚುಚ್ಚಿದ್ದ ಟಪಾಲಿನಾಗಿಂದ ನಮ್ಮ ಪೇಢಿಯ ಹಿಂದಿನ ವರ್ಷದ ದೀಪಾವಳಿ ಕಾರ್ಡು ತಗದು ನನ್ನ ಮುಂದ ಇಟ್ರು.

"ಇದು ನಿಮ್ಮ ಮಷಿನ್ನಿಂದ ಬಂದದ್ದು. ಜೋಶಿ ಸಾಹೇಬ್ರು ಮುಂಜಾನೆ ಅಂಗಡಿಗೆ ಬಂದಿದ್ರು. ಕಂಪನಿಯವ್ರು ಅದರ ಕೈ ಬಿಟ್ಟಾರಂತಲ್ಲ. ಹಂಗಾದ್ರ ಮುಂದ ನಿಮ್ಮ ಕೆಲಸದ್ದು ಹೆಂಗ?"

ಸುಳ್ಳ ಹೇಳಬಹುದಿತ್ತು, ಬರಲಿಲ್ಲ. ಪಿನ್ ನಂಬರಿನ ಕತಿ ಪೂರಾ ಹೇಳಿದೆ. ಎಂಬತ್ತು ಮನಿ ತುಂಬ್ಯಾವ, ಆರು ಅಂಕಿಗೆ ಜಾಗಾ ಇಲ್ಲ, ದೀಪಾವಳಿ ಮುಂದ ದಾರಿ ಸಿಗದಿದ್ರ ಗೋದಾಮಿಗೆ ಹೋಗ್ತೀನಿ ಅಂದೆ. ಕಾಕಾ ಕೆಮ್ಮಿದ. ಗುರುಪಾದಪ್ಪನವ್ರು ಟೊಪಗಿ ತಗದು ಮತ್ತ ಹಾಕ್ಕೊಂಡ್ರು. ಮಾತು ಮುರದು ಬಿತ್ತು ಅಂತ ನನಗ ಖಾತ್ರಿ ಆತು.

ಅದ ಹೊತ್ತಿಗೆ ಮಹಾನಂದಾ ಚಹಾ ತಂದ್ಲು. ಮನ್ಯಾಗ ಕನ್ನಡ ಆದ್ರೂ ಆಕಿ ಕಲತದ್ದು ಮರಾಠಿ ಸಾಲಿ, ಹತ್ತನೇ ಕ್ಲಾಸಿನ ತನಕ; ಇಂಗ್ಲಿಷ್ ಅಕ್ಷರ ಬರ್ತಿದ್ವು. ಕಪ್ಪು ಇಡೂಮುಂದ ನನ್ನ ಮುಂದಿದ್ದ ಕಾರ್ಡು ನೋಡಿದ್ಲು. ನೋಡಿ, ಯಾರ ಮಾರಿನೂ ನೋಡದ, ಅಪ್ಪಗ ಹೇಳಿದಂಗ ಹೇಳಿದ್ಲು:

"ಕಾರ್ಡಿನ ನೆತ್ತಿ ಮ್ಯಾಲ ಛಾಪಖಾನ್ಯಾಗ ಒಮ್ಮೆ ಶ್ರೀ ಒತ್ತ್ಯಾರಲ್ಲ. ಮತ್ತ ಚೀಟಿ ಮ್ಯಾಲ ಮಷಿನ್ ಯಾಕ ಅನ್ನಬೇಕು? ಅಲ್ಲಿ ನಂಬರ್ ಹಾಕಿದ್ರ ಆಗೂದಿಲ್ಲೇನು?"

ಗಂಡಿನವ್ರ ಮುಂದ ಹುಡುಗಿ ಹಿಂಗ ವ್ಯಾಪಾರದ ಮಾತು ಆಡೂದು ಆಗ ನಮ್ಮ ಕಡಿ ಇದ್ದಿಲ್ಲ. ಗುರುಪಾದಪ್ಪನವ್ರು ತಲಿ ಕೆಳಗ ಹಾಕಿದ್ರು. ಕಾಕಾ ನನ್ನ ಕಿವ್ಯಾಗ "ಹುಡುಗಿ ಬಾಯಿ ಬಿರುಸು ಅದ, ಏಳು" ಅಂದ. ನಾ ಏಳಲಿಲ್ಲ. ಸೀದಾ ಆಕಿ ಕಡಿ ತಿರಗಿ, "ಏನಂದ್ರಿ? ಇನ್ನೊಮ್ಮೆ ಹೇಳ್ರಿ" ಅಂದೆ. ಆಕಿ ಇನ್ನೊಮ್ಮೆ ಹೇಳಿದ್ಲು, ಈ ಸಲ ನನ್ನ ಮಾರಿ ನೋಡಿ. ನಾ ಬಟ್ಟು ಮಡಚಿ ಎಣಿಸಿದೆ. ಶ್ರೀಗೆ ನಾಕು, ಖಾಲಿ ಮೂರು, ಏಳು ಮನಿ. ನಂಬರಿಗೆ ಆರು, ನಂಬರಿಗೂ ಹೆಸರಿಗೂ ನಡುವ ಅಂತರಕ್ಕ ಒಂದು. ಫಳಿ ಮುಟ್ಟೂದ ಬ್ಯಾಡ. ಚಹಾ ಅಲ್ಲೇ ಬಿಟ್ಟು, ಹೂಂ ಇಲ್ಲ ಊಹೂಂ ಇಲ್ಲ, ಮುಂದಿನ ಎಸ್.ಟಿ. ಹಿಡಿಯಾಕ ಓಡಿದೆ. ಹಿಂದ ಕಾಕಾ ಟೊಪಗಿ ಕೈಯಾಗ ಹಿಡಕೊಂಡು ಬರಾಕತ್ತಿದ್ದ.

ದಾರಿಯುದ್ದಕ್ಕೂ ನನಗ ನಾಚಿಕಿ. ಎರಡು ವರ್ಷ ದಿನಾ ಆ ಶ್ರೀ ನೋಡೀನಿ, ನನ್ನ ಕೈಲೆನ ತೂತು ಹೊಡದೀನಿ. ಮಷಿನ್ನಿನಾಗ ಇದ್ದದ್ದೆಲ್ಲಾ ಕಂಪನಿದು, ಅದನ್ನ ಕಂಪನಿನ ಬದಲಸಬೇಕು ಅಂತ ತಲಿಯಾಗ ಕುಂತು ಬಿಟ್ಟಿತ್ತು. ಆ ಏಳು ಮನಿ ಹಿಡದಾವ್ರು ನಾವ. ನಮ್ಮ ರೂಢಿನ ನಾವು ಮಷಿನ್ನಿನ ಕಾಯ್ದೆ ಅಂತ ತಿಳದು ಮುಂಬೈಕ್ಕ ಮೂರು ಕಾಗದ ಬರದಿದ್ವಿ. ಮನಷ್ಯಾ ಒಂದು ಬೀಗಾ ನೋಡಿ ಅಂಜಿದಾ ಅಂದ್ರ ತೆರದ ಬಾಗಲನೂ ಅವನ ಕಣ್ಣಿಗೆ ಬೀಳೂದಿಲ್ಲ.

ಪೇಢಿಗೆ ಬಂದು ಶೇಟಜಿಗೆ ಎಲ್ಲಾ ಹೇಳಿದೆ. ಶ್ರೀ ತಗಿಯೂ ಮಾತು ಅವರ ಪೇಢಿಯೊಳಗ ಮೊದಲನೇ ಸಲ.

"ಯಾರು ಹೇಳಿದ್ದು ಇದನ್ನ?"

"ಅಕ್ಕಲಕೋಟದ ಗುರುಪಾದಪ್ಪನವ್ರ ಮಗಳ್ರಿ."

"ಅಂದ್ರ ಗಿರಾಕಿ ಮನಿ ಮಾತು" ಅಂದ್ರು ಶೇಟಜಿ. ಗಿರಾಕಿ ಮಾತು ಅವ್ರು ಎಂದೂ ತಗದು ಹಾಕಿದವರಲ್ಲ. "ಆಗಲಿ. ಆದ್ರ ಮಷಿನ್ ಅನ್ನದಿದ್ರ ನೀ ಅನ್ನಬೇಕು. ಒಂದೊಂದ ಕಾರ್ಡು ಹಾಕೂಮುಂದ ಬಾಯಿಲೆ ಶ್ರೀ ಅನ್ನು."

ಅಂದೆ. ಎಲ್ಲಾ ಕಾರ್ಡು ಹೊಸದಾಗಿ ತೂತು ಹೊಡದು, ಗಂಟಲು ಕಟ್ಟೂತನಕ ಶ್ರೀ ಶ್ರೀ ಅಂದು, ಒಂದೊಂದ ಕಾರ್ಡು ಕೈಲೆ ಹಾಕಿದೆ. ಚೀಟಿ ಒತ್ತೂ ಒಂದು ದಿನದ ಕೆಲಸಕ್ಕ ನಾಕು ದಿನ ಹಿಡೀತು. ದೀಪಾವಳಿ ಕಾರ್ಡು ಎದುರಿನವ್ರಕಿಂತ ಮೊದಲ ಹೋದ್ವು. ನಂಬರ್ ವಿಳಾಸದ ಕಡೀಕ ಅಲ್ಲ, ಖೈದಿಗೆ ಹಾಕಿದಂಗ ಹೆಸರಿಗೂ ಮೊದಲ ಬಂದಿತ್ತಲ್ಲ. ವಿಜಾಪುರದ ಒಬ್ಬ ಗಿರಾಕಿ ನನ್ನನ್ನೇನು ಜೇಲಿಗೆ ಹಾಕೀರೇನು ಅಂತ ಸಿಟ್ಟಾಗಿ ಬರದ. ಬೈದು ಬರದ ಕಾಗದ, ಚಲೋ ಅನಸ್ತು. ಅದರ ಹಿಂದ ಅಕ್ಕಲಕೋಟದ ನಿರೋಪ ಬಂತು: ಮುಹೂರ್ತ ನೋಡ್ರಿ. ನಾ ಕಾಕಾಗ ಒಂದ ದಿನದಾಗ ಆರು ಸಲ ಹೇಳಿ ಕಳಿಸಿದೆ. ಕಾಕಾ ಗೊಣಗಿಕೋತ ಮುಹೂರ್ತ ನೋಡಿದ, ಲಗ್ನ ಆತು.

ಕಂಪನಿ ಆಸರಿ ಇಲ್ಲದ ಆ ಮಷಿನ್ನು ಇನ್ನ ನಾಕು ದೀಪಾವಳಿ ನಡೀತು. ಆಮ್ಯಾಲ ರಬ್ಬರಿನ ಒಂದು ಉರುಳಿ ಸವದು ಹರೀತು, ಅಂಥಾದ್ದು ಎಲ್ಲೂ ಸಿಗಲಿಲ್ಲ. ಶೇಟಜಿ ಒಂದು ವಾರ ಹಾದಿ ನೋಡಿ ಭಂಗಾರದಾಂವನ್ನ ಕರಸಿದ್ರು. ಗಾಡಿ ಹೋಗೂಮುಂದ ಅವ್ರು ಒಳಗ ಕುಂತ್ರು, ನಾ ಗೋದಾಮಿನಾಗ. ಆ ಗಡಗಡ ಸಪ್ಪಳ ಇಲ್ಲದ ಪೇಢಿ ಭಾಳ ದಿನ ನನಗ ಯಾರದೋ ಪರಕೀಯರ ಅಂಗಡಿ ಅನಸ್ತು. ನಾ ಮತ್ತ ಚಾದರ ಮಡಚಾಕ ಕುಂತೆ.

ಮಾವ ಗುರುಪಾದಪ್ಪನವ್ರಿಗೆ ಹೇಳೂದ ಒಂದು ಉಳದಿತ್ತು. ಮಷಿನ್ ತೋರಿಸಿ ಮಗಳನ್ನ ತಂದಾಂವ, ಈಗ ಮಷಿನ್ನೂ ಇಲ್ಲ, ಇಸ್ತ್ರಿ ಅಂಗಿನೂ ಇಲ್ಲ. ಎರಡು ತಿಂಗಳು ಮುಚ್ಚಿಟ್ಟೆ. ಕಡೀಕ ಒಂದು ಗುರುವಾರ ಹೋಗಿ ಅಂಗಡಿ ಕಟ್ಟಿ ಮ್ಯಾಲ ಕುಂತು, ತಪ್ಪು ಮಾಡಿದಾಂವನಂಗ ಹೇಳಿದೆ. ಮಾವ ಅರಿವಿ ಅಳಿಯೂದು ನಿಲ್ಲಸಲಿಲ್ಲ.

"ಅಳಿಯಾವ್ರ, ನಾ ಮಷಿನ್ ನೋಡಿ ಮಗಳನ್ನ ಕೊಟ್ಟೀನಿ ಅಂತ ತಿಳದಿದ್ರೇನು? ಮಷಿನ್ ಹೋಗೂದು ಆವತ್ತನ ಗೊತ್ತಾಗಿತ್ತಲ್ಲ. ಆಕಿ ಮಾತಾಡಿದ ಕೂಡ್ಲೆ ನಿಮ್ಮ ಕಾಕಾ ಮಾರಿ ಗಂಟು ಹಾಕಿದ್ರು, ನಾ ನಾಚಿ ತಲಿ ಕೆಳಗ ಹಾಕಿದೆ. ನೀವು ಇನ್ನೊಮ್ಮೆ ಹೇಳ್ರಿ ಅಂದ್ರಿ. ಈ ಮನ್ಯಾಗ ಆಕಿಗೆ ಇನ್ನೊಮ್ಮೆ ಹೇಳು ಅಂದವ್ರು ಯಾರೂ ಇದ್ದಿಲ್ಲ, ನಾನೂ ಅಂದಿದ್ದಿಲ್ಲ. ಅದಕ್ಕ ಕೊಟ್ಟೆ."

ನಾ ಹೂಂ ಅಂದೆ. ಖರೆ ಹೇಳಬೇಕಂದ್ರ ಆವತ್ತ ನಾ ಇನ್ನೊಮ್ಮೆ ಕೇಳಿದ್ದು ಮಹಾನಂದಾನ ಸಲುವಾಗಿ ಅಲ್ಲ, ಪಿನ್ ನಂಬರಿನ ಸಲುವಾಗಿ. ಮಾವ ಇರೂತನಕ ಅದನ್ನ ಅವರಿಗೆ ಹೇಳಲಿಲ್ಲ. ಮಹಾನಂದಾಗ ಮೊದಲಿಂದನ ಗೊತ್ತಿತ್ತು, ಆದ್ರೂ ಬಂದ್ಲು.